ಎಂಟು ಚಿಪ್, ಹದಿನಾರು ಚಿಪ್

ಹಳೇ ಜಿ41 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎರಡು ಡಿಡಿಆರ್3 ಸ್ಲಾಟ್. ಒಟ್ಟು 8 ಜಿಬಿ ಹಾಕಬಹುದು ಅನ್ನುತ್ತದೆ ಮ್ಯಾನುಯಲ್. 4 ಜಿಬಿಯ ಒಂದು ರ‍್ಯಾಮ್ ಹಾಕಿದರೆ ಬರೀ ಬೀಪ್, ಪರದೆ ಮೇಲೆ ಏನೂ ಇಲ್ಲ. ಅದನ್ನೇ ಎಚ್61 ಬೋರ್ಡಿಗೆ ಹಾಕಿದರೆ ಸರಾಗವಾಗಿ ಓಡುತ್ತದೆ. ರ‍್ಯಾಮೂ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ಮತ್ತೆ ಅಡ್ಡಿ ಎಲ್ಲಿ?

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯವರಿಗೆ ಇದು ಹೊಸದಲ್ಲ. “ಜಿ41 ಬೋರ್ಡಾ ಸಾರ್? ಹಾಗಾದ್ರೆ ಹದಿನಾರು ಚಿಪ್ಪಿಂದೇ ತಗೊಳ್ಳಿ.” ಎರಡು ರ‍್ಯಾಮ್ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರ ಮೇಲೂ 4 ಜಿಬಿ, ಪಿಸಿ3-10600 ಎಂದೇ ಅಚ್ಚಾಗಿದೆ. ಒಂದರಲ್ಲಿ ಒಂದೇ ಬದಿಗೆ ಎಂಟು ಕಪ್ಪು ಚಿಪ್, ಹಿಂಬದಿ ಖಾಲಿ. ಇನ್ನೊಂದರಲ್ಲಿ ಎರಡೂ ಬದಿಗೆ ಎಂಟೆಂಟು.

ಲೆಕ್ಕ ಹಾಕಿದೆ. 4 ಜಿಬಿ ಎಂದರೆ 32 ಗಿಗಾಬಿಟ್. ಎಂಟು ಚಿಪ್ಪಿಗೆ ಹಂಚಿದರೆ ತಲಾ 4 ಗಿಗಾಬಿಟ್, ಹದಿನಾರಕ್ಕೆ ಹಂಚಿದರೆ ತಲಾ 2. ಜಿ41ಗೆ ನಿಭಾಯಿಸಲು ಬರುವುದು 2 ಗಿಗಾಬಿಟ್‌ವರೆಗಿನ ಚಿಪ್ ಮಾತ್ರ. 4 ಗಿಗಾಬಿಟ್ ಚಿಪ್ಪಿನ ಸಾಲುಗಳನ್ನೆಲ್ಲ ಮುಟ್ಟಲು ವಿಳಾಸದಲ್ಲಿ ಇನ್ನೊಂದು ಬಿಟ್ ಬೇಕು. ಈ ಬೋರ್ಡಿನಲ್ಲಿ ಮೆಮೊರಿ ಕಂಟ್ರೋಲರ್ ಇರುವುದು ಚಿಪ್‌ಸೆಟ್‌ನಲ್ಲಿ. ಹಾಗಾಗಿ ಪ್ರೊಸೆಸರ್ ಬದಲಿಸಿಯೂ ಪ್ರಯೋಜನವಿಲ್ಲ.

ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್. ಆದರೆ ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಎಷ್ಟು ಒಳ್ಳೆಯ ಏರ್ಪಾಡು! ಚಿಪ್ಪಿನ ವಿಷಯದಲ್ಲಿ ಮಾತ್ರ ಅಂಥ ಕಾವಲಿಲ್ಲ: ಎರಡೂ ಸಲೀಸಾಗಿ ಕೂರುತ್ತವೆ, ಕ್ಲಿಪ್ಪೂ ಬೀಳುತ್ತದೆ. ಕೆಲವು ಲೇಬಲ್‌ಗಳ ಮೇಲೆ ‘1ಆರ್‌ಎಕ್ಸ್8’ ಅಥವಾ ‘2ಆರ್‌ಎಕ್ಸ್8’ ಎಂದಿರುತ್ತದೆ. ಮೊದಲನೆಯದು ಎಂಟು ಚಿಪ್ಪಿನದು, ಎರಡನೆಯದು ಹದಿನಾರರದು. ಇಷ್ಟು ಮುಖ್ಯವಾದದ್ದನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಹಾಕುವುದು ಕೊಳ್ಳುವವರಿಗೆ ಅನ್ಯಾಯ.

ಹದಿನಾರು ಚಿಪ್ಪಿನ ಜೋಡಿ ಹಾಕಿದ ಮೇಲೆ ಬೋರ್ಡ್ ಎದ್ದಿತು. ಇನ್ನೊಂದು ಒಗಟು: ರ‍್ಯಾಮ್ ಮೇಲೆ 1333, ಸಿಪಿಯು-ಝಡ್‌ನಲ್ಲಿ 533. ಜಿ41ನ ಮಿತಿ 1066, ಅದಕ್ಕೇ ರ‍್ಯಾಮ್ ಅಲ್ಲಿಗೆ ಇಳಿದಿದೆ. ಗಡಿಯಾರದ ಪ್ರತಿ ಮಿಡಿತಕ್ಕೆ ಎರಡು ಸಲ ದತ್ತಾಂಶ ಸಾಗುವುದರಿಂದ ತಂತ್ರಾಂಶ ತೋರಿಸುವುದು ಅದರ ಅರ್ಧ.

ವಿಂಡೋಸ್ 7ರಲ್ಲಿ 8 ಜಿಬಿ ಕಾಣುತ್ತದೆ, ಬಳಕೆಗೆ ಸಿಗುವುದು 3.25 ಮಾತ್ರ. 32 ಬಿಟ್‌ನದು. ಅದಕ್ಕೆ ಸಿಗುವ 4 ಜಿಬಿ ವಿಳಾಸದಲ್ಲೇ ಗ್ರಾಫಿಕ್ಸ್ ಮೊದಲಾದವುಗಳಿಗೂ ಪಾಲು ಹೋಗುತ್ತದೆ. 64 ಬಿಟ್ ಹಾಕಬೇಕು. ಅದಕ್ಕೆ ಮೊದಲು ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಸಿಗುತ್ತದೆಯೇ ನೋಡಬೇಕು.