ಹಬ್ಬದ ಮನೆಯ ಅನುಮಾನ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಆಲುವದ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಪೇಟೆಯ ಬೇಕರಿಗಳಲ್ಲಿ ಪ್ಲಮ್ ಕೇಕಿನ ಡಬ್ಬಿಗಳು ಗೋಪುರದಂತೆ ಏರುತ್ತವೆ. ಸಂಜೆಯಾದರೆ ಡೋಲು ಬಾರಿಸುತ್ತ ಕ್ಯಾರೊಲ್ ಹಾಡುವ ಹುಡುಗರ ಗುಂಪು ಓಣಿ ಓಣಿ ತಿರುಗುತ್ತದೆ. ಇಲ್ಲಿನ ಸಿರಿಯನ್ ಕ್ರೈಸ್ತರಲ್ಲಿ ಹಲವರು ತಿಂಗಳ ಮೊದಲ ದಿನದಿಂದ ಮೀನು ಮಾಂಸ ತೊರೆದು ಇಪ್ಪತ್ತೈದು ದಿನಗಳ ನೋಂಬು ಹಿಡಿಯುತ್ತಾರೆ. ನಮ್ಮ ಪಕ್ಕದ ಮನೆಯ ಚೇಚಿಯದೂ ಅದೇ ವ್ರತ. ಅವರ ನೋಂಬಿನ ಜೊತೆಗೆ ನಮ್ಮದೊಂದು ವ್ರತವೂ ಹಲವು ವರ್ಷಗಳಿಂದ ನಡೆದುಬಂದಿದೆ. ಆ ಇಪ್ಪತ್ತೈದು ದಿನಗಳ ರಾತ್ರಿಗಳಲ್ಲಿ ನಾವು ಕ್ರಿಸ್‌ಮಸ್ ಕಾಲದ ಪತ್ತೇದಾರಿ ಕಥೆಗಳನ್ನು ಮತ್ತೆ ಮತ್ತೆ ಓದುತ್ತೇವೆ.

ನಾವಿಬ್ಬರೂ ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಓದಿದವರು. ಆಮೇಲೆ ಒಬ್ಬರಿಗೆ ಕೇಂದ್ರ ಸರ್ಕಾರದ ನೌಕರಿ, ಇನ್ನೊಬ್ಬರಿಗೆ ಆ ನೌಕರಿಯ ವರ್ಗಾವಣೆಗಳ ಹಿಂದೆ ಊರಿಂದೂರಿಗೆ ಮನೆ ಹೂಡುವ ಕೆಲಸ. ತರಗತಿಯಲ್ಲಿ ಮಿಲ್ಟನ್ ಓದಿ ಹಾಸ್ಟೆಲಿಗೆ ಬಂದು ಕದ್ದುಮುಚ್ಚಿ ಅಗಾಥಾ ಕ್ರಿಸ್ಟಿಯನ್ನು ಓದುತ್ತಿದ್ದೆವು. ಅದಕ್ಕೂ ಮೊದಲು, ಬಾಡಿಗೆ ಪುಸ್ತಕದಂಗಡಿಯಿಂದ ತಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೇ ನಮಗೆ ಕನ್ನಡ ಓದುವ ಚಟ ಹತ್ತಿಸಿದವನು. ಇಲ್ಲಿಗೆ ಬಂದ ಮೇಲೆ ಚೇಚಿಯೊಡನೆ ಸ್ನೇಹ ಕುದುರಿದ್ದೂ ಇದೇ ದಾರಿಯಿಂದ. ಅವರ ಎಳವೆಯಲ್ಲಿ ಕೋಟ್ಟಯಂ ಪುಷ್ಪನಾಥರ ಪತ್ತೇದಾರ ಮಾರ್ಕ್ಸಿನ್ ಮಾಡಿದ ಕೆಲಸವನ್ನು ನಮ್ಮಲ್ಲಿ ಪುರುಷೋತ್ತಮ ಮಾಡಿದ್ದ. ಮಲಯಾಳದ ಪತ್ತೇದಾರನ ವಯಸ್ಸೂ ಕಡಿಮೆಯದಲ್ಲ. ಕೊಚ್ಚಿಯ ರಾಜಮನೆತನದ ಅಪ್ಪನ್ ತಂಬುರಾನ್ ಅವರ 'ಭಾಸ್ಕರಮೇನೋನ್' ಪುಸ್ತಕವಾಗಿ ಬಂದದ್ದು 1905ರಲ್ಲಿ.

ಹಬ್ಬಕ್ಕೂ ಅಪರಾಧದ ಕಥೆಗೂ ಏನು ನಂಟು ಎಂದು ಓದುಗರು ಕೇಳಬಹುದು. ನಮ್ಮ ದೀಪಾವಳಿ ವಿಶೇಷಾಂಕಗಳಂತೆ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ವಾರ್ಷಿಕಗಳು ಬರುತ್ತಿದ್ದವು. ಷರ್ಲಾಕ್ ಹೋಮ್ಸ್ ಮೊದಲು ಕಾಣಿಸಿಕೊಂಡದ್ದೇ 1887ರ 'ಬೀಟನ್ಸ್ ಕ್ರಿಸ್‌ಮಸ್ ಆ್ಯನ್ಯುಯಲ್'ನಲ್ಲಿ. ಮುಂದೆ ಕ್ರಿಸ್ಟಿಯ ಹೊಸ ಕಾದಂಬರಿಯನ್ನು ಹಬ್ಬದ ಉಡುಗೊರೆಯೆಂದೇ ಪ್ರಕಾಶಕರು ಮಾರಿದರು. ಆದರೆ ವ್ಯಾಪಾರಕ್ಕಿಂತ ಆಳದ ಕಾರಣವೊಂದಿದೆ. ವರ್ಷವೆಲ್ಲ ದೂರವಿದ್ದವರು ಹಬ್ಬಕ್ಕೆಂದು ಒಂದೇ ಸೂರಿನಡಿ ಸೇರುತ್ತಾರೆ. ಹೊರಗೆ ಚಳಿ, ಒಳಗೆ ಹಳೆಯ ಆಸ್ತಿಯ ಮಾತು. 1938ರ 'ಹರ್ಕ್ಯುಲ್ ಪೊಯಿರೋಸ್ ಕ್ರಿಸ್‌ಮಸ್' ಕಾದಂಬರಿಯಲ್ಲಿ ಮುದುಕ ಸಿಮಿಯನ್ ಲೀ ಮಕ್ಕಳನ್ನು ಹಬ್ಬಕ್ಕೆ ಕರೆಸಿಕೊಳ್ಳುವುದು ಪ್ರೀತಿಯಿಂದಲ್ಲ, ಅವರನ್ನು ಕೆಣಕಲಿಕ್ಕೆ. ಗೌರಿ ಹಬ್ಬಕ್ಕೆ, ಹಿರಿಯರ ಹಬ್ಬಕ್ಕೆ ಸೇರಿದ ಅಣ್ಣತಮ್ಮಂದಿರು ಊಟದೆಲೆ ತೆಗೆಯುವ ಮೊದಲೇ ಪಾಲಿನ ಮಾತೆತ್ತುವುದನ್ನು ಕಂಡ ನಮಗೆ ಆ ಮನೆ ಅಪರಿಚಿತವೆನಿಸುವುದಿಲ್ಲ.

ಈ ಕಥೆಗಳಲ್ಲಿ ನಮಗೆ ಅತಿಪ್ರಿಯವಾದದ್ದು ಕಾನನ್ ಡಾಯ್ಲ್ ಬರೆದ 'ದಿ ಬ್ಲೂ ಕಾರ್‌ಬಂಕಲ್'. 1892ರ ಜನವರಿಯಲ್ಲಿ 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ ಬಂದ ಕಥೆ. ಹಬ್ಬ ಕಳೆದು ಎರಡನೆಯ ಬೆಳಿಗ್ಗೆ ಶುಭಾಶಯ ಹೇಳಲು ಬಂದ ವಾಟ್ಸನ್, ಹಳೆಯ ಟೋಪಿಯೊಂದನ್ನು ಪರೀಕ್ಷಿಸುತ್ತ ಕುಳಿತ ಹೋಮ್ಸನನ್ನು ಕಾಣುತ್ತಾನೆ. ಆ ಟೋಪಿಯ ಜೊತೆ ಬೀದಿಯಲ್ಲಿ ಸಿಕ್ಕ ಹೆಬ್ಬಾತಿನ ಹೊಟ್ಟೆಯಲ್ಲಿ, ಹೋಟೆಲೊಂದರಲ್ಲಿ ಇಳಿದಿದ್ದ ಶ್ರೀಮಂತೆಯ ನೀಲಿ ರತ್ನ ದೊರೆಯುತ್ತದೆ. ಅದನ್ನು ಹುಡುಕಿಕೊಟ್ಟವರಿಗೆ ಸಾವಿರ ಪೌಂಡ್ ಬಹುಮಾನ. ಹೆಬ್ಬಾತಿನ ಜಾಡು ಹಿಡಿದು ಹೋಮ್ಸ್ ಲಂಡನ್ನಿನ ಚಳಿಯಲ್ಲಿ ಅಲೆಯುವ ಪುಟಗಳು ಬಲು ಸೊಗಸು. ಹಲವು ವರ್ಷ ನಾವು ಆ ಸೊಗಸನ್ನೇ ಓದಿದೆವು. ಕಥೆಯ ಮೂಲೆಯಲ್ಲಿ ಜಾನ್ ಹಾರ್ನರ್ ಎಂಬ ಪ್ಲಂಬರ್ ಒಬ್ಬನಿದ್ದಾನೆಂಬುದು ನಮ್ಮ ಗಮನಕ್ಕೆ ಬಂದದ್ದು ಮೂರು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ.

ಆ ವರ್ಷ ನಮ್ಮ ಬಾಡಿಗೆ ಮನೆಗೆ ಬಣ್ಣ ಬಳಿಸಲು ಮಾಲೀಕರು ಒಪ್ಪಿದರು. ಮೇಸ್ತ್ರಿ ಕಳುಹಿಸಿದ್ದು ಅಸ್ಸಾಮಿನ ಹುಡುಗನೊಬ್ಬನನ್ನು. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ. ಇಲ್ಲಿ ಅಂಥವರೆಲ್ಲರಿಗೂ 'ಭಾಯಿ' ಎಂಬ ಒಂದೇ ಹೆಸರು. ಸರ್ಕಾರದ ಕಡತಗಳಲ್ಲಿ ಅವರು 'ಅತಿಥಿ ತೊಳಿಲಾಳಿ', ಅಂದರೆ ಅತಿಥಿ ಕಾರ್ಮಿಕರು. ಹುಡುಗ ಗೋಡೆಗೆ ಪುಟ್ಟಿ ಹಚ್ಚಿ, ಉಜ್ಜಿ, ಮೊದಲ ಕೋಟು ಬಳಿದು, ಮಧ್ಯಾಹ್ನ ಮೆಟ್ಟಿಲ ಮೇಲೆ ಕುಳಿತು ತಂದ ಬುತ್ತಿ ಉಣ್ಣುತ್ತಿದ್ದ. "ದೀದಿ, ಥೋಡಾ ಪಾನಿ" ಎಂಬುದಷ್ಟೇ ಅವನ ಮಾತು. ಮಲಗುವ ಕೋಣೆಯ ಸರದಿ ಬಂದ ದಿನ ಬೀರುವನ್ನು ಸರಿಸಬೇಕಾಯಿತು. ನಾವು ಅವಸರದಲ್ಲಿ ಸರ, ಬಳೆಗಳನ್ನು ಅಕ್ಕಿಡಬ್ಬಿಗೆ ಹಾಕಿ, ಅವನೊಬ್ಬನನ್ನೇ ಮನೆಯಲ್ಲಿ ಬಿಟ್ಟು ಎರ್ನಾಕುಳದ ಬ್ರಾಡ್‌ವೇಗೆ ನಕ್ಷತ್ರ ಕೊಳ್ಳಲು ಹೋದೆವು. ಸಂಜೆ ಬಂದು ಒಡವೆಗಳನ್ನು ಸ್ವಸ್ಥಾನಕ್ಕೆ ಸೇರಿಸಿದೆವು.

ಇಪ್ಪತ್ನಾಲ್ಕರ ರಾತ್ರಿ, ಮರುದಿನ ಚೇಚಿಯ ಮನೆಯ ಊಟಕ್ಕೆ ಹೋಗಲೆಂದು ಅಜ್ಜಿಯ ಕಾಲದ ಏಳು ಕಲ್ಲಿನ ಮೂಗುಬೊಟ್ಟನ್ನು ಹುಡುಕಿದರೆ ಅದು ಬೀರುವಿನಲ್ಲಿರಲಿಲ್ಲ. ಬೆಲೆಯಲ್ಲಿ ಅದು ದೊಡ್ಡದೇನಲ್ಲ. ಆದರೆ ಅಜ್ಜಿಯ ಮುಖದ ನೆನಪೆಲ್ಲ ಆ ಏಳು ಕಲ್ಲುಗಳ ಸುತ್ತಲೇ ಇತ್ತು. ಆಗ ಎರಡನೆಯ ತರಗತಿಯಲ್ಲಿದ್ದ ಮಗಳು, "ಅಮ್ಮ ಅಡುಗೆಮನೇಲಿ ಬಚ್ಚಿಟ್ಟಿದ್ದಳಲ್ಲ" ಎಂದಳು. ಅದು ಸರ, ಬಳೆಯ ಮಾತು, ಅವನ್ನು ಆಗಲೇ ತೆಗೆದಾಯಿತು ಎಂದು ಅವಳ ಬಾಯಿ ಮುಚ್ಚಿಸಿದೆವು. ಆಮೇಲೆ ನಮ್ಮಿಬ್ಬರ ನೋಟ ಒಟ್ಟಿಗೇ ಹೊಸ ಬಣ್ಣದ ಗೋಡೆಯ ಕಡೆಗೆ ತಿರುಗಿತು. ಆ ಮಾತನ್ನು ಮೊದಲು ಆಡಿದವರು ಯಾರೆಂದು ಇವತ್ತಿಗೂ ನಾವು ವಿಚಾರಿಸಿಕೊಂಡಿಲ್ಲ. 'ನಾವು' ಎಂಬ ಪದದ ಮರೆಯಲ್ಲಿ ಅದು ಹಾಗೆಯೇ ಉಳಿದಿದೆ.

ಮೇಸ್ತ್ರಿಗೆ ಫೋನು ಮಾಡಿದೆವು. ಕದ್ದನೆಂದು ನಾವು ಹೇಳಲಿಲ್ಲ. "ಸುಮ್ಮನೆ ಒಮ್ಮೆ ವಿಚಾರಿಸಿ" ಎಂದಷ್ಟೇ ಹೇಳಿದೆವು, ಬಹಳ ಮರ್ಯಾದೆಯಿಂದ. ಇಪ್ಪತ್ತಾರರಂದು ಕೆಲಸಕ್ಕೆ ಬಂದವನು ಬೇರೆಯವನು. ಮೇಸ್ತ್ರಿ ಸಮಾಧಾನ ಹೇಳುವ ದನಿಯಲ್ಲಿ ವರದಿ ಒಪ್ಪಿಸಿದ. "ಎಲ್ಲರ ಮುಂದೆ ಅವನ ಚೀಲ ಕೊಡವಿಸಿದೆ ಸಾರೇ. ಎರಡು ಅಂಗಿ, ಒಂದು ಚಾರ್ಜರು, ಮಗುವಿನ ಒಂದು ಫ್ರಾಕು. ಬೇರೇನೂ ಸಿಗಲಿಲ್ಲ. ಆದರೂ ಬಿಡಿಸಿಬಿಟ್ಟೆ. ನಾಲ್ಕು ದಿನದ ಕೂಲಿ ನನ್ನ ಹತ್ತಿರವೇ ಇದೆ." ಫ್ರಾಕಿನ ಮಾತು ಕೇಳಿದಾಗ ನಮಗೆ ಕಸಿವಿಸಿಯಾಯಿತು. ಆದರೂ ಕೂಲಿ ಕೊಟ್ಟುಬಿಡಿ ಎಂದು ನಾವು ಹೇಳಲಿಲ್ಲ.

ಜನವರಿಯ ಎರಡನೆಯ ವಾರ, ಸಾರಿನ ಪುಡಿಗೆ ಹುರಿಯಲೆಂದು ಮೆಂತ್ಯದ ಡಬ್ಬಿ ಬಗ್ಗಿಸಿದಾಗ ಕಾಗದದ ಸಣ್ಣ ಪೊಟ್ಟಣವೊಂದು ಬಾಣಲೆಗೆ ಬಿತ್ತು. ಸಣ್ಣ ವಸ್ತು ಅಕ್ಕಿಯಲ್ಲಿ ಕಳೆದುಹೋದೀತೆಂದು ಅದನ್ನು ಬೇರೆಯಾಗಿ ಇಟ್ಟಿದ್ದು ಆಗ ನೆನಪಾಯಿತು. ಒಲೆ ಆರಿಸಿ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕುಳಿತೆವು. ಸಿಕ್ಕಿತೆಂಬ ಸಂತೋಷ ಒಂದು ಗಳಿಗೆಯೂ ನಿಲ್ಲಲಿಲ್ಲ.

ಆ ರಾತ್ರಿ ನೀಲಿ ರತ್ನದ ಕಥೆಯನ್ನು ಮತ್ತೆ ತೆರೆದೆವು. ಶ್ರೀಮಂತೆಯ ಕೋಣೆಯ ಅಗ್ಗಿಷ್ಟಿಕೆಯ ಸಡಿಲ ಸರಳನ್ನು ಬೆಸೆಯಲು ಬಂದವನು ಹಾರ್ನರ್. ಹಿಂದೊಮ್ಮೆ ಕಳ್ಳತನಕ್ಕೆ ಶಿಕ್ಷೆಯಾದವನು. ನಿಜವಾದ ಕಳ್ಳ ಹೋಟೆಲಿನ ನೌಕರ ರೈಡರ್. ಸಂಶಯವನ್ನು ಹೊರಲು ತಯಾರಾದ ಹೆಗಲೊಂದು ಬೇಕೆಂದೇ ಅವನು ಹಾರ್ನರನನ್ನು ಕರೆಸಿದ್ದ. ಹೋಮ್ಸ್ ರೈಡರನನ್ನು ಹಬ್ಬದ ಕಾಲವೆಂದು ಕ್ಷಮಿಸಿ ಬಿಟ್ಟುಬಿಡುತ್ತಾನೆ. ಅವನು ಸಾಕ್ಷಿ ನುಡಿಯದಿದ್ದರೆ ಹಾರ್ನರನ ಮೇಲಿನ ಮೊಕದ್ದಮೆ ಬಿದ್ದುಹೋಗುತ್ತದೆ ಎಂಬುದು ಅವನ ಲೆಕ್ಕ. ಆ ಕ್ಷಮೆಯನ್ನು ನಾವು ಎಷ್ಟೋ ವರ್ಷ ಮೆಚ್ಚಿದ್ದೆವು. ಆ ರಾತ್ರಿ ಕಂಡದ್ದು, ಹಬ್ಬದ ದಿನ ಜೈಲಿನಲ್ಲಿದ್ದವನ ಪರವಾಗಿ ಕ್ಷಮೆಯ ಆ ಪುಟದಲ್ಲಿ ಒಂದು ಮಾತೂ ಇಲ್ಲವೆಂಬುದು.

ಚೆಸ್ಟರ್‌ಟನ್‌ನ ಫಾದರ್ ಬ್ರೌನ್ ಈ ವಿಷಯದಲ್ಲಿ ಹೋಮ್ಸನಿಗಿಂತ ದೊಡ್ಡವನೆಂದು ಈಗ ನಮಗೆ ತೋರುತ್ತದೆ. 1911ರ ಸಂಕಲನದಲ್ಲಿರುವ 'ದಿ ಫ್ಲೈಯಿಂಗ್ ಸ್ಟಾರ್ಸ್' ಕಥೆ ನಡೆಯುವುದು ಕ್ರಿಸ್‌ಮಸ್ಸಿನ ಮರುದಿನ. ಮನೆಯವರ ನಾಟಕದ ಗದ್ದಲದಲ್ಲಿ ಮೂರು ವಜ್ರಗಳು ಕಾಣೆಯಾಗುತ್ತವೆ. ಅನುಮಾನದ ಗಾಳಿ ತನ್ನ ಕಡೆಗೂ ಬೀಸಿದಾಗ ಪಾದ್ರಿ ನಗುತ್ತಲೇ ಜೇಬುಗಳನ್ನು ತೆರವು ಮಾಡುತ್ತಾನೆ. ಒಂದಿಷ್ಟು ಚಿಲ್ಲರೆ, ಊರಿಗೆ ಮರಳುವ ಟಿಕೆಟು, ಬೆಳ್ಳಿಯ ಪುಟ್ಟ ಶಿಲುಬೆ, ಪ್ರಾರ್ಥನೆಯ ಪುಸ್ತಕ, ಒಂದು ಚಾಕೊಲೇಟು. ಮೇಸ್ತ್ರಿ ಹೇಳಿದ ಅಂಗಿ, ಚಾರ್ಜರು, ಫ್ರಾಕಿನ ಪಟ್ಟಿ ನಮಗೆ ಈ ಪಟ್ಟಿಯ ಪಕ್ಕದಲ್ಲಿ ಕಾಣಿಸತೊಡಗಿದೆ. ಪಾದ್ರಿ ತಾನಾಗಿಯೇ ಜೇಬು ತೆರೆದ. ಹುಡುಗನಿಗೆ ಆ ಆಯ್ಕೆಯಿರಲಿಲ್ಲ.

ಆ ಕಥೆಯಲ್ಲೂ ಮನೆಯ ದೊಡ್ಡವರ ಕಣ್ಣು ಬೀಳುವುದು ಬಡ ಸಮಾಜವಾದಿ ಯುವಕ ಕ್ರೂಕ್‌ನ ಮೇಲೆ. ನಿಜವಾದ ಕಳ್ಳ ಫ್ಲ್ಯಾಂಬೊ ತೋಟದ ಮರದ ಮೇಲಿದ್ದಾನೆ. ಕೆಳಗೆ ನಿಂತ ಪಾದ್ರಿ ಪೊಲೀಸರನ್ನು ಕೂಗುವುದಿಲ್ಲ. ನೀನು ಪಾರಾಗಿ ಹೋದರೆ ಅಪವಾದ ಆ ಯುವಕನ ತಲೆಗೆ ಬರುತ್ತದೆ, ಅವನ ಪ್ರೀತಿಯೂ ಮುರಿದುಬೀಳುತ್ತದೆ ಎಂದು ತಿಳಿಸಿ ಹೇಳುತ್ತಾನೆ. ವಜ್ರಗಳು ಮರದಿಂದ ಕೆಳಗೆ ಬೀಳುತ್ತವೆ. ಅಲ್ಲಿಗೆ ಫ್ಲ್ಯಾಂಬೊನ ಕಳ್ಳತನಗಳೂ ಮುಗಿಯುತ್ತವೆ. ವಜ್ರ ಸಿಗುವುದಕ್ಕಿಂತ ಕ್ರೂಕ್‌ನ ಹೆಸರು ಉಳಿಯುವುದೇ ಆ ಪತ್ತೇದಾರನಿಗೆ ದೊಡ್ಡದು.

ಬೆಲ್ಜಿಯಂನ ಸಿಮೆನಾನ್ 1951ರಲ್ಲಿ ಪ್ರಕಟಿಸಿದ ಮೇಗ್ರೆಯ ಕ್ರಿಸ್‌ಮಸ್ ಕಥೆಯೂ ಈಗ ಬೇರೆ ರೀತಿಯಲ್ಲಿ ಓದಿಸಿಕೊಳ್ಳುತ್ತದೆ. ಕಾಲು ಮುರಿದು ಮಲಗಿದ್ದ ಏಳು ವರ್ಷದ ಹುಡುಗಿ, ರಾತ್ರಿ ಕ್ರಿಸ್‌ಮಸ್ ತಾತ ತನ್ನ ಕೋಣೆಗೆ ಬಂದಿದ್ದನೆಂದೂ ನೆಲದ ಹಲಗೆ ಎಬ್ಬಿಸುತ್ತಿದ್ದನೆಂದೂ ಹೇಳುತ್ತಾಳೆ. ಮಕ್ಕಳ ಕನಸೆಂದು ತಳ್ಳಿಹಾಕಬಹುದಾದ ಮಾತನ್ನು ಮೇಗ್ರೆ ಸಾಕ್ಷ್ಯವೆಂದು ಕೇಳಿಸಿಕೊಳ್ಳುತ್ತಾನೆ. ನಮ್ಮ ಮನೆಯ ಏಳು ವರ್ಷದ ಸಾಕ್ಷಿಯನ್ನು ನಾವು ಅರ್ಧ ವಾಕ್ಯದಲ್ಲೇ ಸುಮ್ಮನಾಗಿಸಿದ್ದೆವು.

ಪೊಟ್ಟಣ ಸಿಕ್ಕ ಮರುದಿನವೇ ಮೇಸ್ತ್ರಿಗೆ ವಿಷಯ ತಿಳಿಸಿ, ಹುಡುಗನ ಕೂಲಿ ಕೊಟ್ಟುಬಿಡಿ, ನಮ್ಮದೂ ಒಂದಿಷ್ಟು ಸೇರಿಸಿ ಕೊಡುತ್ತೇವೆ ಎಂದೆವು. ಹುಡುಗನ ಫೋನು ಸ್ವಿಚ್ ಆಫ್ ಆಗಿತ್ತು. ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗೆ ಸೇರಿರಬಹುದು ಎಂದು ಅವನ ಜೊತೆಗಾರರು ಹೇಳಿದರಂತೆ. ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋದೆವು. ವಾರದ ರಜೆಯೆಂದು ಬಂಗಾಳದವರು, ಒಡಿಶಾದವರು, ಅಸ್ಸಾಮಿನವರು ಪೇಟೆಯ ತುಂಬ ನೆರೆದಿದ್ದರು. ನಮ್ಮ ಕೈಯಲ್ಲಿದ್ದದ್ದು ಅರ್ಧ ಹೆಸರು ಮಾತ್ರ. ಆ ಹೆಸರು ಹೇಳಿ ಕೇಳಿದಾಗ ಒಬ್ಬಾತ, "ಯಾಕೆ ಸಾಬ್, ಏನಾದರೂ ಕದ್ದಿದ್ದಾನೆಯೇ?" ಎಂದು ಹಿಂದಿಯಲ್ಲಿ ಕೇಳಿದ. ಇಲ್ಲ, ನಾವೇ ದುಡ್ಡು ಕೊಡಬೇಕಿತ್ತು ಎಂದೆವು. ಅವನು ನಂಬಿದಂತೆ ಕಾಣಲಿಲ್ಲ.

ಹೊರನಾಡಿನಲ್ಲಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಊರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ "ಎಲ್ಲಿಯವರು?" ಎಂಬ ಪ್ರಶ್ನೆಯ ಹಿಂದಿನ ಅಳುಕನ್ನು ನಾವೆಲ್ಲ ಕಂಡವರೇ. ಸರ್ಕಾರದ ಗುರುತಿನ ಚೀಟಿ ತೋರಿಸಿದ ಕೂಡಲೇ ಆ ಮುಖ ಸಡಿಲವಾಗುವುದನ್ನೂ ಕಂಡಿದ್ದೇವೆ. ಆ ಚೀಟಿಯಿಲ್ಲದೆ ಬಂದವನನ್ನು ಕಂಡಾಗ ಅದೇ ಪ್ರಶ್ನೆ ನಮ್ಮ ಬಾಯಿಂದಲೇ ಹೊರಟಿತು. ಇಷ್ಟು ವರ್ಷ ಪತ್ತೇದಾರಿ ಕಥೆ ಓದಿದ ನಾವು ಕಲಿಯಬೇಕಿದ್ದದ್ದು ಒಂದೇ ಪಾಠ: ಹೊರಗಿನವನ ಚೀಲ ತೆರೆಸುವ ಮೊದಲು ಮನೆಯೊಳಗಿನ ಡಬ್ಬಿಗಳನ್ನು ತೆರೆಯಬೇಕು.

ಕಳೆದ ಡಿಸೆಂಬರಿನಲ್ಲಿ ನೀಲಿ ರತ್ನದ ಕಥೆಯನ್ನು ಮಗಳಿಗೆ ಕನ್ನಡದಲ್ಲಿ ಹೇಳಿದೆವು. ಹೆಬ್ಬಾತಿನ ಹೊಟ್ಟೆಯಲ್ಲಿ ರತ್ನ ಸಿಕ್ಕಾಗ ಚಪ್ಪಾಳೆ ತಟ್ಟಿದಳು. ಕಥೆ ಮುಗಿದ ಮೇಲೆ, "ಆ ಪ್ಲಂಬರ್ ಮನೆಗೆ ಹೋದನಾ?" ಎಂದು ಕೇಳಿದಳು. ಕಥೆಯಲ್ಲಿ ಅದನ್ನು ಹೇಳಿಲ್ಲ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಪೇಂಟರ್ ಅಣ್ಣ?" ಎಂದಳು.

ಆ ದುಡ್ಡು ಇನ್ನೂ ಮೇಸ್ತ್ರಿಯ ಬಳಿಯೇ ಇದೆ; ಹುಡುಗ ಸಿಕ್ಕರೆ ಕೊಡುತ್ತೇನೆಂದು ಕೇಳಿದಾಗಲೆಲ್ಲ ಹೇಳುತ್ತಾನೆ. ಮಲಗುವ ಕೋಣೆಯ ಒಂದು ಗೋಡೆಗೆ ಎರಡನೆಯ ಕೋಟು ಬಳಿದವನು ಬೇರೆಯವನಾದ್ದರಿಂದ ಅದರ ಬಣ್ಣ ಉಳಿದ ಗೋಡೆಗಳಿಗೆ ಹೊಂದುವುದಿಲ್ಲ. ಮತ್ತೆ ಬಳಿಸಿಕೊಡೋಣವೇ ಎಂದು ಮಾಲೀಕರು ಕೇಳಿದರು. ಬೇಡ, ಹಾಗೆಯೇ ಇರಲಿ ಎಂದೆವು.