ಅಜ್ಜನ ಎರಡು ಹೊಳೆ

ನಮ್ಮಜ್ಜ ಹುಟ್ಟಿದ್ದು ಶರಾವತಿ ದಂಡೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು ಮುಳುಗಿತು. ಹಂಡೆ, ದೇವರ ಪೆಟ್ಟಿಗೆ, ನಾಲ್ಕು ದನ ಕಟ್ಟಿಕೊಂಡು ಅವರ ಮನೆಯವರೆಲ್ಲ ಹುಂಚದ ಕಡೆ ಬಂದ್ರು. ಇಲ್ಲಿನ ಹೊಳೆ ಕುಮುದ್ವತಿ, ಇಲ್ಲೇ ಬಿಲ್ಲೇಶ್ವರದಲ್ಲಿ ಹುಟ್ಟುತ್ತೆ. ಹುಂಚ ಅಂದ್ರೆ ಪದ್ಮಾವತಿ ಅಮ್ಮನವರ ದೇವಸ್ಥಾನ ಅಂತ ಎಲ್ಲರಿಗೂ ಗೊತ್ತು, ಈ ಹೊಳೆ ವಿಷಯ ಗೊತ್ತಿರೋರು ಕಮ್ಮಿ.

"ಇಲ್ಲಿ ನೀರು ಉಲ್ಟಾ ಹರಿಯತ್ತೆ ಮಾರಾಯ" ಅನ್ನೋದು ಅಜ್ಜನ ಹಳೇ ತಕರಾರು. ಅದು ನಿಜವೇ. ಶರಾವತಿ ಪಶ್ಚಿಮಕ್ಕೆ ಹೋಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತೆ. ಕುಮುದ್ವತಿ ಮಾತ್ರ ಶಿಕಾರಿಪುರದ ಕಡೆ ತಿರುಗಿ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಅರಬ್ಬೀ ಸಮುದ್ರ ಇಷ್ಟು ಹತ್ತಿರ ಇರುವಾಗ ಅಷ್ಟು ದೂರ ಯಾಕೆ?

ಉತ್ತರ... ಮಡಗಾಸ್ಕರ್!

ಖಂಡಗಳ ಅಡಿಯಲ್ಲಿ ಭೂಮಿಯ ಗಟ್ಟಿ ಚಿಪ್ಪು ಸಾಮಾನ್ಯವಾಗಿ 35-40 ಕಿ.ಮೀ. ದಪ್ಪ. ಅದರ ಕೆಳಗೆ ಸುಮಾರು 2900 ಕಿ.ಮೀ. ಆಳದವರೆಗೂ ಮ್ಯಾಂಟಲ್. ಅದೂ ಕಲ್ಲೇ, ಆದ್ರೆ ಆ ಬಿಸಿಗೆ ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಜೋನಿಬೆಲ್ಲದ ಹಾಗೆ ನಿಧಾನಕ್ಕೆ ಹರಿಯುತ್ತೆ. ಮೇಲಿನ ತಟ್ಟೆಗಳೂ ಸರಿಯುತ್ತಿರುತ್ತವೆ. ಒಂದು ಕಾಲದಲ್ಲಿ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿಗೆ ಅಂಟಿಕೊಂಡೇ ಇತ್ತು. ಸುಮಾರು 8.8 ಕೋಟಿ ವರ್ಷದ ಹಿಂದೆ ಆ ಬೆಸುಗೆ ಬಿಟ್ಟಿತು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ನಿಲ್ಲಿಸಿದ ಹಾಗೆ ಕಲ್ಲುಗಳಿವೆಯಲ್ಲ, ಅವು ಆ ಹೊತ್ತಿಗೆ ಉಕ್ಕಿದ ಲಾವಾ ತಣಿದು ಆದವು. ಅದೇ ಕಾಲದ ಲಾವಾ ಕಲ್ಲು ಮಡಗಾಸ್ಕರಿನಲ್ಲೂ ಇದೆ.

ಒಡೆದ ಅಂಚು ಮೇಲೆದ್ದಿತು, ನಮ್ಮ ನೆಲ ಪೂರ್ವಕ್ಕೆ ವಾಲಿತು. ಸಮುದ್ರದ ಕಡೆಯ ಮಳೆ, ಹೊಳೆಗಳು ಆ ಅಂಚನ್ನು ಕೊರೆದು ಕೊರೆದು ಘಟ್ಟ ಆಯ್ತು. ಘಟ್ಟದ ನೆತ್ತಿಯ ಆಚೆ ಬಿದ್ದ ಹನಿ ಶರಾವತಿಗೆ, ಈಚೆ ಬಿದ್ದದ್ದು ಕುಮುದ್ವತಿಗೆ. ನಮ್ಮ ಬಾವಿಕಟ್ಟೆಯ ಜಂಬಿಟ್ಟಿಗೆ ಕೂಡ ಹಳೇ ಬಂಡೆಯೇ. ಮಳೆಗೆ ಕೊಳೆತು, ಉಳಿದದ್ದು ತೊಳೆದುಹೋಗಿ, ಕಬ್ಬಿಣ ನಿಂತು ಕೆಂಪಾಗಿದೆ.

ಈಗ ನೋಡಿ: ಆ ಒಡಕಿನಿಂದ ಘಟ್ಟ, ಘಟ್ಟದಿಂದ ಜೋಗದ 830 ಅಡಿ. ಎತ್ತರ ಇದ್ದದ್ದಕ್ಕೇ ಕರೆಂಟು (ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್), ಕರೆಂಟಿಗೋಸ್ಕರ ಲಿಂಗನಮಕ್ಕಿ. ಅಜ್ಜನ ಊರು ಯಾಕೆ ಮುಳುಗಿತು ಅಂತ ಹುಡುಕುತ್ತಾ ಹೋದ್ರೆ ಕೊನೆಗೆ ಸಿಗೋದು ಮಡಗಾಸ್ಕರ್. ನಮ್ಮ ಆಫೀಸಿನ ಭಾಷೆಯಲ್ಲಿ ಇದು ರೂಟ್ ಕಾಸ್ :-)

ಹಾಗಂತ ಎಲ್ಲಾ ಭಾರ ಭೂಮಿ ಮೇಲೆ ಹಾಕಿ ಕೈ ತೊಳೆದುಕೊಳ್ಳೋಕಾಗಲ್ಲ. ಎತ್ತರ ಕೊಟ್ಟಿದ್ದು ಭೂಮಿ, ಕಟ್ಟೆ ಕಟ್ಟಿದ್ದು ಮನುಷ್ಯರು. ಆ ಕರೆಂಟಿನಲ್ಲಿ ಬೆಳಗಿದ ನಾಡಲ್ಲೇ ನಾನು ಓದಿದ್ದು, ಕೆಲಸ ಹಿಡಿದದ್ದು.

ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ನಮ್ಮ ನೆಲ ಈಗಲೂ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ, "ನೀನು ಇಲ್ಲಿಗೆ ಬಂದಮೇಲೆ ಹುಂಚ ಮೂರು ಮೀಟರ್ ಮುಂದೆ ಹೋಗಿದೆ ಅಜ್ಜಾ" ಅಂದೆ.

ಅಜ್ಜ ಎಲೆಗೆ ಸುಣ್ಣ ಹಚ್ಚೋದು ನಿಲ್ಲಿಸಿ ಕೇಳಿದ: "ಆ ಮುಳುಗಿದ ಊರೂ ಅಷ್ಟೇ ಬಂದಿರ್ಬೇಕಲ್ಲ?"

ಹೌದು ಅಂದೆ.

"ಹಂಗಾರೆ ದೂರ ಅಷ್ಟೇ ಉಳೀತು."

ಅದಕ್ಕೆ ನನ್ನತ್ರ ಉತ್ತರ ಇರಲಿಲ್ಲ. ಅಂದಹಾಗೆ, ನಿಮ್ಮೂರಿನ ನೀರು ಯಾವ ಸಮುದ್ರಕ್ಕೆ ಹೋಗುತ್ತೆ?