ಚುಕ್ಕಿ ಇಟ್ಟ ವೃತ್ತ

ಮಾವ ಕಾಫಿ ಹಣ್ಣು ಕೊಯ್ಯಲು ಇಳಿದರೆ ಅಜ್ಜನಿಗೆ ಸಿಟ್ಟು. ಸಂಜೆ ಚೀಲ ಸುರಿದಾಗ ಮಾವನ ರಾಶಿಯಲ್ಲಿ ಮಾತ್ರ ಕೆಂಪಿನ ನಡುವೆ ಹಸಿರು ಕಾಯಿಗಳು ಕಾಣುತ್ತಿದ್ದವು. ‘ಕಣ್ಣು ಎಲ್ಲಿಟ್ಕೊಂಡು ಕೊಯ್ತೀಯೋ?’ ಎಂದು ಅಜ್ಜ ಗದರಿದರೆ ಮಾವ ತುಟಿ ಬಿಚ್ಚುತ್ತಿರಲಿಲ್ಲ. ಒಂದೊಂದು ಹಣ್ಣನ್ನೂ ಬೆರಳಲ್ಲಿ ಹಿಸುಕಿ ನೋಡಿ ಕೊಯ್ಯುವುದು ಅವರ ರೂಢಿ. ನಾವು ಮಕ್ಕಳು ಅದನ್ನು ಸೋಮಾರಿತನ ಅಂದುಕೊಂಡಿದ್ದೆವು.

ನಾನು ಎರಡನೇ ಪಿಯುಸಿಯಲ್ಲಿದ್ದಾಗ ಅಣ್ಣ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲಿಖಿತ ಪರೀಕ್ಷೆ ಪಾಸಾದ. ಊರಿಗೆಲ್ಲ ಸುದ್ದಿಯಾಯಿತು. ಉಳಿದದ್ದು ವೈದ್ಯಕೀಯ ಪರೀಕ್ಷೆ ಮಾತ್ರ. ಅಲ್ಲಿ ಅವನ ಮುಂದೆ ಬಣ್ಣದ ಚುಕ್ಕಿಗಳ ಪುಸ್ತಕವೊಂದನ್ನು ಹಿಡಿದರಂತೆ. ಜಪಾನಿನ ವೈದ್ಯ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ‘ಮೊದಲನೆಯದು 12, ಸರಿಯಾಗಿ ಓದಿದೆ. ಆಮೇಲೊಂದು 21 ಅಂದೆ. ಅವರು ಏನೋ ಬರ್ಕೊಂಡ್ರು, ಅಷ್ಟೇ’ ಎಂದ ಅಣ್ಣ. ಆ ಪುಟದಲ್ಲಿ ಉಳಿದವರಿಗೆ ಕಾಣುವುದು 74. ಕೆಂಪು ಹಸಿರು ಬೆರೆತುಹೋಗುವ ಕಣ್ಣಿಗೆ 21. ಸಿಗ್ನಲ್ ನೋಡುವ ಕೆಲಸಕ್ಕೆ ಅಂಥ ಕಣ್ಣು ಆಗುವುದಿಲ್ಲ. ಆ ನಿಯಮ ತಪ್ಪೆಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳಲಾರೆ. ಆದರೆ ಇಪ್ಪತ್ತಮೂರು ವರ್ಷ ತನ್ನ ಕಣ್ಣು ಹೀಗಿದೆ ಎಂದು ಗೊತ್ತೇ ಇರದೆ ಬದುಕಿದ್ದ ಹುಡುಗ ಅವತ್ತು ಊಟಕ್ಕೆ ಏಳಲಿಲ್ಲ.

ಅದೇ ತಿಂಗಳು ಕಾಲೇಜಿನಲ್ಲಿ ಅನುವಂಶೀಯತೆಯ ಪಾಠ. ಸಂತಾನೋತ್ಪತ್ತಿಯ ಅಧ್ಯಾಯವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸಿದ್ದ ನಮ್ಮ ಮೇಷ್ಟ್ರು ಇದನ್ನು ಮಾತ್ರ ಮನಸ್ಸಿಟ್ಟು ಮಾಡಿದರು. ಕೆಂಪು, ಹಸಿರು ಗುರುತಿಸುವ ಜೀನುಗಳು ಎಕ್ಸ್ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿವೆ. ಗಂಡಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಅದು ಕೆಟ್ಟಿದ್ದರೆ ಬದಲಿಗೆ ಇನ್ನೊಂದಿಲ್ಲ. ಹೆಣ್ಣಿಗೆ ಎರಡಿರುವುದರಿಂದ ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ಕೆಲಸ ನಡೆಸುತ್ತದೆ, ಅವಳು ಬರೀ ಕ್ಯಾರಿಯರ್. ಕ್ಯಾರಿಯರ್ ಅಂದರೆ ಅಲ್ಲಿಯವರೆಗೆ ನಮಗೆ ಊಟದ ಡಬ್ಬಿ, ಇಲ್ಲವೇ ಸೈಕಲ್ಲಿನ ಹಿಂದಿನ ಸೀಟು. ಕ್ಲಾಸೆಲ್ಲ ನಕ್ಕಿತು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ದೋಷವಿದ್ದವರಿಗೆ ಕಪ್ಪು ತುಂಬಬೇಕು, ಕ್ಯಾರಿಯರ್ ಆದ ಹೆಣ್ಣಿಗೆ ವೃತ್ತದ ನಡುವೆ ಒಂದು ಚುಕ್ಕಿ.

ಮನೆಗೆ ಬಂದವಳೇ ನೋಟ್‌ಬುಕ್ಕಿನಲ್ಲಿ ನಮ್ಮ ವಂಶಾವಳಿ ಬರೆದೆ. ಮಾವ ಕಪ್ಪು ಚೌಕ, ಅಣ್ಣ ಕಪ್ಪು ಚೌಕ. ಅಜ್ಜಿಗೂ ಅಮ್ಮನಿಗೂ ಚುಕ್ಕಿ. ಲೆಕ್ಕ ಕೂಡಿದ ಖುಷಿಯಲ್ಲಿ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದ ಅಮ್ಮನಿಗೆ ಹಾಳೆ ತೋರಿಸಿ, ‘ನೋಡಮ್ಮ, ಅಣ್ಣಂಗೆ ಇದು ಬಂದಿದ್ದು ನಿನ್ನಿಂದ’ ಎಂದೆ.

ಅಮ್ಮ ಹಿಟ್ಟಿನ ಕೈಯಲ್ಲೇ ಹಾಳೆ ಇಸಿದುಕೊಂಡು ನೋಡಿದಳು. ‘ನಾನೇನು ಮಾಡಿದ್ದೆ?’ ಎಂದಳು. ಏನೂ ಮಾಡಿಲ್ಲ, ಅದು ನಾಣ್ಯ ಚಿಮ್ಮಿದ ಹಾಗೆ, ಎರಡರಲ್ಲಿ ಒಂದು ಹೋಗುತ್ತದೆ ಎಂದೆಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವತ್ತಿನಿಂದ ಬಹಳ ದಿನ ಅಣ್ಣನ ತಟ್ಟೆಗೆ ತುಪ್ಪ ಜಾಸ್ತಿ ಬೀಳುತ್ತಿತ್ತು. ಆ ಹಾಳೆಗೆ ಪರೀಕ್ಷೆಯಲ್ಲಿ ನನಗೆ ಐದಕ್ಕೆ ಐದು ಅಂಕ ಬಂತು. ನೆನೆದರೆ ಈಗಲೂ ಮುಜುಗರ.

ಜಾನ್ ಡಾಲ್ಟನ್ ಎಂಬ ವಿಜ್ಞಾನಿಗೂ ಇದೇ ಕಣ್ಣು. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಎಂದು ನಂಬಿದ್ದ ಅವನು, ಸತ್ತ ಮೇಲೆ ಬಿಚ್ಚಿ ನೋಡಿ ಎಂದಿದ್ದ. 1844ರಲ್ಲಿ ನೋಡಿದರೆ ದ್ರವ ತಿಳಿಯಾಗಿತ್ತು. ಉಳಿಸಿಟ್ಟಿದ್ದ ಆ ಕಣ್ಣಿನ ಡಿಎನ್‌ಎ ಪರೀಕ್ಷಿಸಿ, ಹಸಿರಿನ ಜೀನ್ ಇಲ್ಲವೆಂದು ತಿಳಿದದ್ದು 1995ರಲ್ಲಿ. ಮಾವನಿಗೆ ಈ ಕತೆ ಹೇಳಿದಾಗ ಅವರು ಕೇಳಿದ್ದು ಒಂದೇ: ‘ಅವನ ಅಪ್ಪಂಗೆ ತೋಟ ಇತ್ತಾ?’

ಅಣ್ಣ ಈಗ ಸಹಕಾರ ಸಂಘದಲ್ಲಿ ಗುಮಾಸ್ತ. ಅವನ ಮಗಳು ಕ್ಯಾರಿಯರ್ ಎಂಬುದು ಖಚಿತ. ಅವನಲ್ಲಿರುವುದು ಅದೊಂದೇ ಎಕ್ಸ್ ಅಲ್ಲವೇ. ನನ್ನ ವೃತ್ತವನ್ನು ಮಾತ್ರ ಅವತ್ತು ಖಾಲಿ ಬಿಟ್ಟಿದ್ದೆ. ಚುಕ್ಕಿ ಇಡಲು ಅರ್ಧ ಸಾಧ್ಯತೆ, ಬಿಡಲು ಅರ್ಧ.

ಕಳೆದ ಡಿಸೆಂಬರಿನಲ್ಲಿ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಕೊಯ್ಲಿಗೆ ಹೋಗಿದ್ದೆ. ಅಮ್ಮ ಅವನಿಗೊಂದು ಪುಟ್ಟ ಬುಟ್ಟಿ ಕೊಟ್ಟು, ‘ಕೆಂಪಂದು ಮಾತ್ರ ಕೀಳು ಮರಿ’ ಎಂದಳು. ಅವನು ಗಿಡದ ಕೆಳಗಿನ ರೆಂಬೆ ಹಿಡಿದು ಬಹಳ ಹೊತ್ತು ಕಿತ್ತ. ನಾನು ಹತ್ತಿರ ಹೋಗುವಷ್ಟರಲ್ಲಿ ಅಮ್ಮ ಬುಟ್ಟಿಯೊಳಗೆ ಬಗ್ಗಿ ನೋಡಿಯಾಗಿತ್ತು. ಏನೂ ಹೇಳದೆ ಅದನ್ನು ದೊಡ್ಡ ರಾಶಿಗೆ ಸುರಿದು, ಕೈಯಾಡಿಸಿ ಬೆರೆಸಿಬಿಟ್ಟಳು.